ಮಕ್ಕಳ ಸಿನಿಮಾ, ಮನೆಮಂದಿಯ ಜಮಖಾನ: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಊರುಗಳಲ್ಲಿ ಸಿನಿಮಾ ತೋರಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯ ಅಂಗಳದಲ್ಲೋ ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರದಲ್ಲೋ (ಊರಿನ ಗ್ರಂಥಾಲಯ) ಮಕ್ಕಳಿಗೆ ಒಂದು ಒಳ್ಳೆಯ ಸಿನಿಮಾ ತೋರಿಸಬೇಕು, ಜೊತೆಗೆ ಅಪ್ಪ ಅಮ್ಮ ಅಜ್ಜಿ ತಾತಂದಿರೂ ಬಂದು ಕೂರಬೇಕು ಎಂದು ಹೊರಟ ಮೇಷ್ಟ್ರುಗಳಿಗೆ, ಟೀಚರುಗಳಿಗೆ, ಯುವಕ ಸಂಘದವರಿಗೆ ಈ ಪುಟ. ಯಾವ ಸಿನಿಮಾ ಆರಿಸಬೇಕು ಎನ್ನುವುದರಿಂದ ಹಿಡಿದು ಮೈಕ್‌ಸೆಟ್ಟಿನ ಪಿನ್ನಿನವರೆಗೆ ಎಲ್ಲವೂ ಇದೆ. ಕೆಟ್ಟ ಪಿನ್ನು ಒಳ್ಳೆಯ ಸಿನಿಮಾವನ್ನು ಕೊಲ್ಲಬಲ್ಲದು.

ಮಕ್ಕಳು ನಟಿಸಿರೋ ಸಿನಿಮಾ ಎಲ್ಲಾ ಮಕ್ಕಳ ಸಿನಿಮಾನೇ ಅಲ್ವಾ?

ಅಲ್ಲ. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ವೇದ ಕಲಿಯಲು ಬಂದ ಪುಟ್ಟ ಹುಡುಗ ನಾಣಿಯ ಕಣ್ಣಿನಿಂದಲೇ ಕಾಣುವ ಕಥೆ. ಆದರೆ ಅದು ವಿಧವೆಯೊಬ್ಬಳ ಬಸಿರಿನ, ಬಹಿಷ್ಕಾರದ ಕಥೆ. ನಾಣಿಗೇ ಅರ್ಧಂಬರ್ಧ ತಿಳಿಯುವುದು ಪರದೆಯ ಮುಂದೆ ಕೂತ ಏಳು ವರ್ಷದವನಿಗೆ ಹೇಗೆ ತಿಳಿದೀತು? ಮಗುವನ್ನು ಇಟ್ಟುಕೊಂಡು ದೊಡ್ಡವರಿಗೆ ಹೇಳಿದ ಕಥೆ ಅದು. ಎನ್. ಲಕ್ಷ್ಮೀನಾರಾಯಣ್ ಅವರ 'ಬೆಟ್ಟದ ಹೂವು' (1985) ಹಾಗಲ್ಲ. ಪುನೀತ್ ರಾಜ್‌ಕುಮಾರ್‌ಗೆ ಬಾಲನಟನ ರಾಷ್ಟ್ರಪ್ರಶಸ್ತಿ ತಂದ ಚಿತ್ರ ಅದು. ರಾಮು 'ಶ್ರೀ ರಾಮಾಯಣ ದರ್ಶನಂ' ಕೊಳ್ಳಬೇಕೆಂದು ಬೆಟ್ಟದ ಹೂವು ತಂದು ಕೊಟ್ಟು ಕಾಸು ಕೂಡಿಸುತ್ತಾನೆ. ಪುಸ್ತಕವೋ ಮನೆಯೋ ಎಂಬ ಕಟ್ಟಕಡೆಯ ತೀರ್ಮಾನ ಅವನದೇ.

ಆರಿಸುವಾಗ ಇದೊಂದನ್ನು ನೋಡಿಕೊಳ್ಳಿ: ಕಥೆಯ ಗಂಟು ಮಗುವಿನ ಕೈಯಲ್ಲಿದೆಯೋ, ದೊಡ್ಡವರ ಕೈಯಲ್ಲಿದೆಯೋ? ದೊಡ್ಡವರ ಕೈಯಲ್ಲಿದ್ದರೆ ಮಕ್ಕಳು ಇಪ್ಪತ್ತು ನಿಮಿಷಕ್ಕೆ ಎದ್ದು ಆಟಕ್ಕೆ ಹೋಗುತ್ತಾರೆ. ತಪ್ಪು ಅವರದಲ್ಲ.

ಮಕ್ಕಳ ಸಿನಿಮಾ ದೊಡ್ಡವರಿಗೆ ಯಾಕೆ ಹಿಡಿಸಬೇಕು? ಅವರಿಗೆ ಅಂತ ಒಂದೆರಡು ಜೋಕ್ ಇದ್ರೆ ಸಾಕಾ?

ಮಕ್ಕಳ ತಲೆಯ ಮೇಲಿಂದ ಹಾರಿಸಿ ದೊಡ್ಡವರಿಗೆ ಎಸೆದ ಜೋಕಿಗೆ ದೊಡ್ಡವರು ನಗುತ್ತಾರೆ, ಮಕ್ಕಳು ಅವರ ಮುಖ ನೋಡುತ್ತಾರೆ. ಅಲ್ಲಿಗೆ ಜಮಖಾನ ಎರಡಾಯಿತು. ನಿಜವಾಗಿ ಗಟ್ಟಿಯಾದ ಚಿತ್ರದಲ್ಲಿ ದೃಶ್ಯ ಒಂದೇ ಇರುತ್ತದೆ, ನೋಡುವ ಎತ್ತರ ಬೇರೆ ಇರುತ್ತದೆ.

ಇರಾನಿನ ಮಜೀದ್ ಮಜೀದಿಯವರ 'ಚಿಲ್ಡ್ರನ್ ಆಫ್ ಹೆವನ್' (1997) ನೋಡಿ. ತಂಗಿಯ ಶೂ ಕಳೆದುಹಾಕಿದ ಅಲಿ, ಒಂದೇ ಜೊತೆ ಶೂವನ್ನು ಅವಳೊಂದಿಗೆ ಪಾಳಿ ಮೇಲೆ ಹಾಕಿಕೊಂಡು ಶಾಲೆಗೆ ಓಡುತ್ತಾನೆ. ಓಟದ ಪಂದ್ಯದಲ್ಲಿ ಮೂರನೇ ಬಹುಮಾನ ಶೂ. ಅವನು ಮೂರನೆಯವನಾಗಲು ಹೋಗಿ ಮೊದಲನೆಯವನಾಗಿಬಿಡುತ್ತಾನೆ. ಎಲ್ಲರೂ ಎತ್ತಿಕೊಂಡು ಕುಣಿದರೆ ಅವನ ಕಣ್ಣಲ್ಲಿ ನೀರು. ಈ ಸಂಕಟ ಮಕ್ಕಳಿಗೆ ಕೂಡಲೇ ತಟ್ಟುತ್ತದೆ. ಆದರೆ ನಡುವೆ ಒಂದೇ ಒಂದು ಶಾಟ್ ಬಂದು ಹೋಗುತ್ತದೆ: ಸಾಮಾನು ಕಟ್ಟಿದ ಅಪ್ಪನ ಸೈಕಲ್, ಅದರಲ್ಲಿ ಎರಡು ಜೊತೆ ಹೊಸ ಶೂ. ಅಲಿಗೆ ಅದು ಗೊತ್ತಿಲ್ಲ. ತಿಂಗಳ ಕೊನೆಯಲ್ಲಿ ಅಂಗಡಿ ಮುಂದೆ ನಿಂತು ಲೆಕ್ಕ ಹಾಕಿದ ಅಪ್ಪ ಅಮ್ಮಂದಿರು ಆ ಶಾಟ್ ತಪ್ಪಿಸಿಕೊಳ್ಳುವುದೇ ಇಲ್ಲ. ಚಿಕ್ಕ ಮಕ್ಕಳಲ್ಲಿ ಬಹಳ ಮಂದಿ ತಪ್ಪಿಸಿಕೊಳ್ಳುತ್ತಾರೆ. ಸಿನಿಮಾ ಮುಗಿದ ಮೇಲೆ "ಅಪ್ಪ ಶೂ ತಂದಿದ್ದ ಕಣೋ" ಎಂದು ಪಕ್ಕದ ದೊಡ್ಡವರು ಹೇಳಬೇಕಾಗುತ್ತದೆ. ಆ ಒಂದು ಮಾತು ಹುಟ್ಟಲಿ ಎಂದೇ ಇಷ್ಟೆಲ್ಲ ಪರದೆ ಕಟ್ಟುವುದು.

ಪಿಕ್ಸಾರ್‌ನವರ 'ಅಪ್' (2009) ಚಿತ್ರದ ಶುರುವಿನಲ್ಲಿ ನಾಲ್ಕು ನಿಮಿಷದಷ್ಟು ಮಾತೇ ಇಲ್ಲದ ಭಾಗವಿದೆ. ಗಂಡಹೆಂಡತಿ ದೂರದ ಜಲಪಾತಕ್ಕೆ ಹೋಗಲು ಗಾಜಿನ ಡಬ್ಬಿಯಲ್ಲಿ ಕಾಸು ಹಾಕುತ್ತಾರೆ. ಟೈರು ಪಂಕ್ಚರ್, ಕಾಲು ಮುರಿತ, ಮನೆ ಮೇಲೆ ಮರ ಬಿತ್ತು. ಪ್ರತಿ ಸಲವೂ ಡಬ್ಬಿ ಒಡೆಯುತ್ತದೆ. ಮಕ್ಕಳಿಗೆ ಅದು 'ಅಜ್ಜಿ ಸತ್ತುಹೋದಳು' ಎಂಬ ದುಃಖ. ಚೀಟಿ ಕಟ್ಟಿ, ಎತ್ತಿದ ದುಡ್ಡನ್ನು ಆಸ್ಪತ್ರೆಗೆ ಸುರಿದವರಿಗೆ ಮಾತ್ರ ಆ ಡಬ್ಬಿ ಕಾಣುತ್ತದೆ.

ಮೊದಲ ಸಲ ತೋರಿಸ್ತಿದ್ದೀವಿ. ಯಾವುದರಿಂದ ಶುರು ಮಾಡೋದು?

ಚಿಕ್ಕದರಿಂದ. ಫ್ರಾನ್ಸಿನ ಆಲ್ಬರ್ ಲಮೊರಿಸ್ ಅವರ 'ದಿ ರೆಡ್ ಬಲೂನ್' (1956) ಬರೀ 34 ನಿಮಿಷ. ಮಾತು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಭಾಷೆಯ ತಾಪತ್ರಯವಿಲ್ಲ. ಪ್ಯಾರಿಸ್ಸಿನ ಗಲ್ಲಿಗಳಲ್ಲಿ ಒಬ್ಬ ಹುಡುಗ, ಅವನ ಹಿಂದೆ ನಾಯಿಮರಿಯ ಹಾಗೆ ಬರುವ ಕೆಂಪು ಬಲೂನು. ಮಕ್ಕಳು ನಗುತ್ತಾ ನೋಡುತ್ತಾರೆ, ಪುಂಡ ಹುಡುಗರು ಬಲೂನಿಗೆ ಕಲ್ಲು ಹೊಡೆಯುವ ಹೊತ್ತಿಗೆ ಇಡೀ ಅಂಗಳ ಸುಮ್ಮನಾಗುತ್ತದೆ. ಮುಗಿಸಿ ಕಾಲು ಗಂಟೆ ಮಾತಾಡಿದರೂ ಊಟದ ಹೊತ್ತಿಗೆ ಎಲ್ಲರೂ ಮನೆಯಲ್ಲಿ.

ಮುಂದಿನ ತಿಂಗಳಿಗೆ 89 ನಿಮಿಷದ 'ಚಿಲ್ಡ್ರನ್ ಆಫ್ ಹೆವನ್', ಇಲ್ಲವೇ ಚಾಪ್ಲಿನ್‌ರ 'ದಿ ಕಿಡ್' (1921). ಚಾಪ್ಲಿನ್ ಚಿತ್ರ ಮೂಕಿ. ನಡುನಡುವೆ ಬರುವ ಅಕ್ಷರದ ಫಲಕಗಳನ್ನು ಒಬ್ಬರು ಮೈಕಿನಲ್ಲಿ ಕನ್ನಡದಲ್ಲಿ ಹೇಳಿದರೆ ಸಾಕು. ಮಗುವನ್ನು ಅನಾಥಾಶ್ರಮದ ಗಾಡಿಗೆ ಹಾಕಿಕೊಂಡು ಹೋಗುವ ದೃಶ್ಯಕ್ಕೆ ನೂರು ವರ್ಷವಾದರೂ ವಯಸ್ಸಾಗಿಲ್ಲ.

ಸಾಮಾನ್ಯವಾಗಿ ಆಗುವ ಎಡವಟ್ಟು ಎಂದರೆ ದೊಡ್ಡ ಸಿನಿಮಾದಿಂದ ಶುರು ಮಾಡುವುದು. '777 ಚಾರ್ಲಿ' (2022) ಚೆನ್ನಾಗಿದೆ, ನಿಜ, ಆದರೆ ಎರಡೂವರೆ ಗಂಟೆ ಮೀರುತ್ತದೆ. ಏಳು ವರ್ಷದೊಳಗಿನವರು ಅಷ್ಟರಲ್ಲಿ ನಿದ್ದೆಗೆ ಬಿದ್ದಿರುತ್ತಾರೆ, ಅಮ್ಮಂದಿರು ಮಗುವನ್ನು ಹೆಗಲಿಗೆ ಹಾಕಿಕೊಂಡು ಚಪ್ಪಲಿ ಹುಡುಕುತ್ತಿರುತ್ತಾರೆ. ಅಂದಾಜು ಲೆಕ್ಕ: ಐದಾರು ವರ್ಷದವರಿಗೆ 40 ನಿಮಿಷ, ಎಂಟರಿಂದ ಹನ್ನೊಂದರವರಿಗೆ 90 ನಿಮಿಷ. ಅದಕ್ಕಿಂತ ಉದ್ದದ್ದನ್ನು ಎರಡು ಸಂಜೆಗೆ ಹಂಚಿ.

ಕನ್ನಡದಲ್ಲಿ ಯಾವುದಿವೆ?

ಜನ ಅಂದುಕೊಂಡಿರುವುದಕ್ಕಿಂತ ಹೆಚ್ಚು. ನಾಗತಿಹಳ್ಳಿ ಚಂದ್ರಶೇಖರ್ ಅವರ 'ಕೊಟ್ರೇಶಿ ಕನಸು' (1994) ಕುಂ. ವೀರಭದ್ರಪ್ಪನವರ ಕಥೆ ಆಧರಿಸಿದ್ದು. ಓದಬೇಕೆಂಬ ದಲಿತ ಹುಡುಗನ ಆಸೆ, ಅದಕ್ಕೆ ಅಡ್ಡ ನಿಲ್ಲುವ ಊರು. ವಿಜಯ್ ರಾಘವೇಂದ್ರ ಇದಕ್ಕೇ ಬಾಲನಟನ ರಾಷ್ಟ್ರಪ್ರಶಸ್ತಿ ಪಡೆದರು. ಹಳ್ಳಿಯಲ್ಲಿ ತೋರಿಸುವಾಗ ಒಂದು ಮಾತು ನೆನಪಿರಲಿ: ಪರದೆಯ ಮೇಲಿನ ಜಾತಿ ಪರದೆಯ ಮುಂದೆಯೂ ಕೂತಿರುತ್ತದೆ. ಯಾರು ಯಾವ ಕಡೆ ಕೂತರು ಎಂಬುದನ್ನು ಸಿನಿಮಾಗಿಂತ ಮುಂಚೆ ನೀವು ನೋಡಿಕೊಳ್ಳಬೇಕು, ಆಮೇಲಲ್ಲ.

ಟಿ.ಎಸ್. ನಾಗಾಭರಣರ 'ಚಿನ್ನಾರಿ ಮುತ್ತ' (1993) ಹಾಡುಗಳಿಂದಾಗಿ ದೊಡ್ಡವರಿಗೂ ಹಳೆಯ ನೆಂಟ. ಎಚ್.ಎಸ್. ವೆಂಕಟೇಶಮೂರ್ತಿಯವರ ಸಾಹಿತ್ಯಕ್ಕೆ ಸಿ. ಅಶ್ವಥ್ ಸಂಗೀತ, ಅಪ್ಪ ಅಮ್ಮಂದಿರು ಮಕ್ಕಳಿಗಿಂತ ಜೋರಾಗಿ ದನಿಗೂಡಿಸುತ್ತಾರೆ, ತಡೆಯಬೇಡಿ. ಅಭಯ ಸಿಂಹರ 'ಗುಬ್ಬಚ್ಚಿಗಳು' (2008) ಬೆಂಗಳೂರಿನಲ್ಲಿ ಗುಬ್ಬಿ ಹುಡುಕಿ ಹೊರಟ ಇಬ್ಬರು ಮಕ್ಕಳ ಕಥೆ, ಅತ್ಯುತ್ತಮ ಮಕ್ಕಳ ಚಿತ್ರದ ರಾಷ್ಟ್ರಪ್ರಶಸ್ತಿ ಬಂದದ್ದು. ಹಂಚಿನ ಮನೆಯಲ್ಲಿ ಗುಬ್ಬಿ ಗೂಡು ಕಂಡು ಬೆಳೆದ ಅಜ್ಜಿಯರನ್ನು ಇದಕ್ಕೆ ತಪ್ಪದೆ ಕರೆತನ್ನಿ. ರಿಷಬ್ ಶೆಟ್ಟಿಯವರ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ' (2018) ಕೂಡ ಅದೇ ಪ್ರಶಸ್ತಿ ಪಡೆದದ್ದು. ಉದ್ದ ಜಾಸ್ತಿ, ಎರಡನೇ ಅರ್ಧದಲ್ಲಿ ಭಾಷಣವೂ ಸ್ವಲ್ಪ ಜಾಸ್ತಿ, ಆದರೆ ಸರ್ಕಾರಿ ಶಾಲೆಯ ಅಂಗಳದಲ್ಲೇ ಕೂತು ನೋಡಿದರೆ ಅದರ ರುಚಿ ಬೇರೆ.

ಮೂಲ ಕನ್ನಡದ್ದಲ್ಲದಿದ್ದರೂ, ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಹಿಂದಿ, ಇಂಗ್ಲಿಷಿನಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ಸರಣಿಯ ಸ್ವಾಮಿಯ ಕಂತುಗಳು ಅರ್ಧ ಗಂಟೆಯೊಳಗಿನವು. ಶನಿವಾರದ ಬೆಳಗಿನ ಶಾಲೆಗೆ ಹೇಳಿ ಮಾಡಿಸಿದ ಹಾಗಿವೆ.

ಹಳೆಯ ಕನ್ನಡ ಚಿತ್ರಗಳ ಪ್ರತಿ ಆರಿಸುವಾಗ ಕೊನೆಯ ಇಪ್ಪತ್ತು ನಿಮಿಷ ಕಡ್ಡಾಯವಾಗಿ ನೋಡಿ. ಬಣ್ಣ ಮಾಸಿದ್ದರೆ ಸಹಿಸಬಹುದು. ಕ್ಲೈಮ್ಯಾಕ್ಸೇ ತುಂಡಾಗಿದ್ದರೆ ನೂರು ಜನರ ಮುಂದೆ ಏನು ಹೇಳುತ್ತೀರಿ?

ನಮ್ಮ ಮಕ್ಕಳ ಮನೆಮಾತು ತೆಲುಗು. ಕನ್ನಡ ಸಿನಿಮಾ ಹಿಡಿಸುತ್ತಾ?

ಬಾಗೇಪಲ್ಲಿ, ಗುಡಿಬಂಡೆ, ಶ್ರೀನಿವಾಸಪುರ, ಮುಳಬಾಗಿಲು, ಪಾವಗಡದವರು ಇದನ್ನು ಕೇಳಿಯೇ ಕೇಳುತ್ತಾರೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳಿಗೆ ಕನ್ನಡ ಚಿತ್ರ ಕಷ್ಟವಾಗುವುದಿಲ್ಲ. ತೊಡಕಾಗುವುದು ಅಜ್ಜಿಯರಿಗೆ, ಪಕ್ಕದಲ್ಲಿ ಮೊಮ್ಮಗಳಿದ್ದರೆ ಅವಳೇ ಹೇಳುತ್ತಾಳೆ. ಆ ಪಿಸುಮಾತನ್ನು 'ಶ್ಶ್' ಎಂದು ಅಡಗಿಸಬೇಡಿ. ಕೆಜಿಎಫ್ ಕಡೆ ತಮಿಳು ಬಲ್ಲವರೇ ಹೆಚ್ಚಿದ್ದರೆ ಎಂ. ಮಣಿಕಂಡನ್ ಅವರ 'ಕಾಕ ಮುಟ್ಟೈ' (ತೆರೆಗೆ ಬಂದದ್ದು 2015) ಇದೆ: ಚೆನ್ನೈ ಕೊಳೆಗೇರಿಯ ಇಬ್ಬರು ಅಣ್ಣತಮ್ಮಂದಿರಿಗೆ ಪಿಜ್ಜಾ ತಿನ್ನುವ ಆಸೆ. ಒರಟು ಮಾತುಗಳಿವೆ, ಮೊದಲು ನೀವು ನೋಡಿ, ಹತ್ತು ದಾಟಿದವರಿಗೆ ತೋರಿಸಿ.

ಸಬ್‌ಟೈಟಲ್ ಓದಕ್ಕೆ ಬಾರದ ಚಿಕ್ಕ ಮಕ್ಕಳಿಗೆ, ಅಜ್ಜಿಯರಿಗೆ ಏನು ಮಾಡೋದು?

ಹೇಳುಗರನ್ನು ಇಟ್ಟುಕೊಳ್ಳಿ. ಹರಿಕಥೆ ಕೇಳಿ ಬೆಳೆದ ಊರುಗಳಿಗೆ ಇದೇನೂ ಹೊಸದಲ್ಲ. ಒಬ್ಬರು ಸಿನಿಮಾವನ್ನು ಮೊದಲೇ ಎರಡು ಸಲ ನೋಡಿ, ಮುಖ್ಯ ಮಾತುಗಳನ್ನಷ್ಟೇ ಕಾಗದದಲ್ಲಿ ಸಮಯದ ಸಮೇತ ಬರೆದುಕೊಳ್ಳಬೇಕು. 89 ನಿಮಿಷದ ಚಿತ್ರಕ್ಕೆ 120ರಿಂದ 150 ಸಾಲು ಸಾಕು. ಎಲ್ಲ ಮಾತನ್ನೂ ಅನುವಾದಿಸಲು ಹೋದರೆ ಕ್ರಿಕೆಟ್ ಕಾಮೆಂಟರಿ ಆಗುತ್ತದೆ. ಸಿನಿಮಾದ ದನಿಯನ್ನು ಪೂರ್ತಿ ನಿಲ್ಲಿಸಬಾರದು, ಅರ್ಧಕ್ಕೆ ಇಳಿಸಿದರೆ ಸಾಕು. ಪಾತ್ರ ಅಳುತ್ತಿರುವಾಗ ಹೇಳುಗರು ಅಳು ತಂದುಕೊಳ್ಳಬಾರದು. ಪಾತ್ರಕ್ಕೊಂದು ದನಿ ಮಾಡುವುದೂ ಬೇಡ. ಮುಖ್ಯವಾಗಿ, ಪರದೆಯಲ್ಲಿ ಕಾಣುತ್ತಿರುವುದನ್ನು ಹೇಳಬೇಡಿ. "ಈಗ ಅಲಿ ಓಡ್ತಿದ್ದಾನೆ" ಎಂದರೆ, ಕಾಣಲ್ವಾ ನಮಗೆ ಎಂದು ಹಿಂದಿನಿಂದ ಯಾರಾದರೂ ಕೇಳುತ್ತಾರೆ. ಕೇಳಬೇಕಾದ್ದೇ.

ಕನ್ನಡ ಸಬ್‌ಟೈಟಲ್ ಹಾಕಿದ್ರೆ ಚೌಕ ಚೌಕ ಬರುತ್ತೆ, ಒತ್ತಕ್ಷರ ಒಡೆಯುತ್ತೆ.

ಕಾರಣ ಮೂರರಲ್ಲಿ ಒಂದು. ಸಾಲುಗಳನ್ನು 'ನುಡಿ' ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ, ಯುನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಯುನಿಕೋಡ್ ಇದ್ದೂ ಪ್ರಶ್ನಾರ್ಥಕ ಚಿಹ್ನೆ ಬಂದರೆ ಸಬ್‌ಟೈಟಲ್ ಸಾಲುಗಳಿರುವ ಎಸ್‌ಆರ್‌ಟಿ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಯುಟಿಎಫ್-8 ಎಂದು ಆರಿಸಿ ಮತ್ತೆ ಉಳಿಸಿ. ಚೌಕ ಬಂದರೆ ಪ್ಲೇಯರ್ ಹಿಡಿದಿರುವ ಫಾಂಟಿನಲ್ಲಿ ಕನ್ನಡವೇ ಇಲ್ಲ. ವಿಎಲ್‌ಸಿ ಪ್ಲೇಯರಿನ ಸಬ್‌ಟೈಟಲ್ ಸೆಟ್ಟಿಂಗಿಗೆ ಹೋಗಿ ನೋಟೋ ಸಾನ್ಸ್ ಕನ್ನಡ ಫಾಂಟ್ ಆರಿಸಿ. ಮಾತು ಮುಂದೆ ಸಾಲು ಹಿಂದೆ ಆಗುತ್ತಿದ್ದರೆ ವಿಎಲ್‌ಸಿಯಲ್ಲಿ ಜಿ ಮತ್ತು ಎಚ್ ಕೀಲಿಗಳು ಸಬ್‌ಟೈಟಲನ್ನು ಸ್ವಲ್ಪಸ್ವಲ್ಪವೇ ಹಿಂದೆ ಮುಂದೆ ಜರುಗಿಸುತ್ತವೆ. ಸಾಲಿಗೆ ನಾಲ್ಕೈದು ಪದ, ಒಮ್ಮೆಗೆ ಎರಡೇ ಸಾಲು, ಕನಿಷ್ಠ ಎರಡು ಸೆಕೆಂಡು. ಐದನೇ ಕ್ಲಾಸಿನ ಮಗುವೊಂದಕ್ಕೆ ತೋರಿಸಿ ಪರೀಕ್ಷಿಸಿ. ನಿಮ್ಮ ಓದಿನ ವೇಗ ಲೆಕ್ಕಕ್ಕಿಲ್ಲ.

'ಯು' ಸರ್ಟಿಫಿಕೇಟ್ ಇದ್ರೆ ಎಲ್ಲ ಮಕ್ಕಳಿಗೂ ತೋರಿಸಬಹುದು ತಾನೆ?

ಸರ್ಟಿಫಿಕೇಟು ಹಿಂಸೆ, ಬೈಗುಳ, ಹೆದರಿಕೆಯ ಮಟ್ಟ ಹೇಳುತ್ತದೆ. ಮಗುವಿಗೆ ಅರ್ಥವಾಗುತ್ತದೋ ಇಲ್ಲವೋ ಅದರ ಕೆಲಸವಲ್ಲ. 2024ರಿಂದ ಯುಎ ವರ್ಗವನ್ನು (ಮಕ್ಕಳು ದೊಡ್ಡವರ ಮಾರ್ಗದರ್ಶನದಲ್ಲಿ ನೋಡಬಹುದಾದ್ದು) 7+, 13+, 16+ ಎಂದು ಮೂರು ಮಾಡಿದ್ದಾರೆ, ಹೊಸ ಚಿತ್ರಗಳಿಗೆ ಅದು ಅನುಕೂಲ. ಹಳೆಯವಕ್ಕೆ ನೀವೇ ಪೂರ್ತಿ ನೋಡಬೇಕು. ಟ್ರೇಲರ್ ನೋಡಿ ಆರಿಸಿದವರು ಕೆಟ್ಟರು.

ಸಾವು ಇರೋ ಸಿನಿಮಾ ಮಕ್ಕಳಿಗೆ ತೋರಿಸಬಹುದಾ?

ತೋರಿಸಬಹುದು. ಅಜ್ಜನ ಹೆಣ ಅಂಗಳದಲ್ಲಿ ಮಲಗಿದ್ದಾಗ ಸುತ್ತ ನಿಂತಿದ್ದ ಮಕ್ಕಳೇ ಇವರು. ಸಾವು ಅವರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಮುಖ್ಯವಾದದ್ದು, ಸಾವಿನ ನಂತರ ಚಿತ್ರ ಮಗುವನ್ನು ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದು. 'ಫೈಂಡಿಂಗ್ ನೀಮೊ' (2003) ಶುರುವಾಗುವುದೇ ತಾಯಿಮೀನಿನ ಸಾವಿನಿಂದ, ಆದರೆ ಉಳಿದ ಸಿನಿಮಾ ಪೂರ್ತಿ ಅಪ್ಪ ಮಗನನ್ನು ಹುಡುಕುವುದೇ ಆಗಿರುವುದರಿಂದ ಮಗುವಿಗೆ ಹಿಡಿದುಕೊಳ್ಳಲು ಕೈ ಇದೆ.

ಇದಕ್ಕೆ ಸರಿಯಾದ ಪಾಠ ಜಪಾನಿನ ಗಿಬ್ಲಿ ಸ್ಟುಡಿಯೋದ ಎರಡು ಚಿತ್ರಗಳಲ್ಲಿದೆ. 1988ರಲ್ಲಿ ಮಿಯಾಝಾಕಿಯವರ 'ಮೈ ನೇಬರ್ ಟೊಟೊರೊ' ಮತ್ತು ತಕಾಹಾತಾ ಅವರ 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್' ಜೋಡಿಯಾಗಿ ಒಂದೇ ಟಿಕೆಟಿಗೆ ತೆರೆಕಂಡವು. ಟೊಟೊರೊದಲ್ಲಿ ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ಅಕ್ಕತಂಗಿಯರಿಗೆ ಭಯವಿದೆ, ಆದರೆ ಕಾಡು ಅವರನ್ನು ಕಾಯುತ್ತದೆ. ಆರು ವರ್ಷದವರೂ ನೋಡಬಹುದು. ಇನ್ನೊಂದು, ಯುದ್ಧದಲ್ಲಿ ಅನಾಥರಾದ ಅಣ್ಣತಂಗಿಯ ಹಸಿವು. ಮೊದಲ ದೃಶ್ಯದಲ್ಲೇ ಅಣ್ಣ ಸಾಯುತ್ತಾನೆ. ಕಾರ್ಟೂನ್ ಅಲ್ವಾ ಎಂದು ಚಿಕ್ಕವರಿಗೆ ಹಾಕಿಬಿಟ್ಟರೆ ಅನಾಹುತ. ಹದಿಮೂರು ದಾಟಿದವರಿಗೆ, ಅದೂ ದೊಡ್ಡವರ ಜೊತೆಯಲ್ಲಿ.

ನಿಮ್ಮೂರಿನಲ್ಲಿ ಈಚೆಗೆ ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಮಗುವಿದ್ದರೆ ಆ ಮನೆಯವರಿಗೆ ಮೊದಲೇ ಹೋಗಿ ಕಥೆ ಹೇಳಿ. ಕರೆತರುವುದು ಬಿಡುವುದು ಅವರಿಗೆ ಬಿಟ್ಟದ್ದು. ಬಂದರೆ ಬಾಗಿಲ ಹತ್ತಿರ, ಅವರ ಜನದ ಮಡಿಲಲ್ಲಿ ಕೂರಲಿ.

ಮಗು ಅಳಕ್ಕೆ ಶುರು ಮಾಡಿದ್ರೆ?

ಸಿನಿಮಾ ನಿಲ್ಲಿಸಬೇಡಿ, ಲೈಟ್ ಹಾಕಬೇಡಿ. ದುಃಖಕ್ಕೆ ಅಳುವ ಮಗು ಪರದೆ ನೋಡುತ್ತಲೇ ಅಳುತ್ತದೆ. ಪಕ್ಕದವರು ಬೆನ್ನ ಮೇಲೆ ಕೈ ಇಟ್ಟರೆ ಸಾಕು. ಹೆದರಿದ ಮಗು ಪರದೆಯಿಂದ ಮುಖ ತಿರುಗಿಸುತ್ತದೆ, ಕಿವಿ ಮುಚ್ಚುತ್ತದೆ. ಅದನ್ನು ಎತ್ತಿಕೊಂಡು ಹೊರಗೆ ಹೋಗಿ. "ಇದೆಲ್ಲಾ ಸುಳ್ಳು ಕಣೋ" ಅನ್ನುವ ಸಮಾಧಾನ ಬೇಡ. ಗಂಡುಮಕ್ಕಳಿಗೆ "ಹೆಣ್ಣಿನ ಥರ ಅಳ್ತೀಯಾ" ಎನ್ನುವವರು ಒಬ್ಬರಾದರೂ ಇರುತ್ತಾರೆ. ಅವರನ್ನು ಪ್ರೊಜೆಕ್ಟರ್ ಕಾಯಲು ನಿಲ್ಲಿಸಿ.

ಪರದೆ, ಪ್ರೊಜೆಕ್ಟರ್ ಎಷ್ಟರದು ಬೇಕು?

ಮೊದಲು ಎಷ್ಟು ಜನ ಎಂದು ನೋಡಿ. ಸಬ್‌ಟೈಟಲ್ ಓದಬೇಕಾದರೆ ಕಟ್ಟಕಡೆಯವರು ಪರದೆಯ ಎತ್ತರದ ಆರರಷ್ಟು ದೂರದೊಳಗೆ ಇರಬೇಕು. 8 ಅಡಿ ಅಗಲದ ಪರದೆಗೆ ನಾಲ್ಕೂವರೆ ಅಡಿ ಎತ್ತರ, ಅಂದರೆ 27 ಅಡಿ. ನೆಲದಲ್ಲಿ ಕೂತ 60-70 ಜನಕ್ಕೆ ಸಾಕು. 12 ಅಡಿ ಅಗಲವಾದರೆ 40 ಅಡಿವರೆಗೆ ಕೂರಿಸಬಹುದು. ಕ್ಲಾಸ್‌ರೂಮಿನ 43 ಇಂಚಿನ ಟಿವಿಗೆ ಹತ್ತು ಅಡಿಯೇ ಮಿತಿ, 20-25 ಮಕ್ಕಳಷ್ಟೇ. ಪರದೆಯ ಕೆಳ ಅಂಚು ನೆಲದಿಂದ 4 ಅಡಿ ಮೇಲಿರಲಿ, ಇಲ್ಲವಾದರೆ ಹಿಂದಿನವರಿಗೆ ಸಬ್‌ಟೈಟಲಿನ ಬದಲು ಮುಂದಿನವರ ಜುಟ್ಟು ಕಾಣುತ್ತದೆ.

ಪೂರ್ತಿ ಕತ್ತಲಲ್ಲಿ 3000ದಿಂದ 3500 ಲ್ಯೂಮೆನ್ (ಬೆಳಕಿನ ಅಳತೆ) ಪ್ರೊಜೆಕ್ಟರ್ 8 ಅಡಿ, 12 ಅಡಿ ಪರದೆ ಎರಡಕ್ಕೂ ಸಾಲುತ್ತದೆ. ಹಗಲು ಹೊತ್ತಲ್ಲಿ ಕಿಟಕಿಗೆ ಪರದೆ ಇಲ್ಲದ ಹಾಲ್‌ನಲ್ಲಿ ಯಾವುದೂ ಸಾಲುವುದಿಲ್ಲ. ದೂರದ ಲೆಕ್ಕ: ಥ್ರೋ ರೇಷಿಯೊ 1.5 ಎಂದು ಬರೆದಿದ್ದರೆ 8 ಅಡಿ ಅಗಲಕ್ಕೆ 12 ಅಡಿ ದೂರ. ಬಾಡಿಗೆಗೆ ತರುವಾಗ ಇದನ್ನು ಕೇಳಿಯೇ ತನ್ನಿ. ಚಿತ್ರ ಓರೆಯಾದರೆ ಕೀಸ್ಟೋನ್ ಗುಂಡಿ ಒತ್ತುವ ಬದಲು ಮೇಜಿನ ಎತ್ತರ ಸರಿಮಾಡಿ. ಗುಂಡಿ ಒತ್ತಿದಷ್ಟೂ ಅಕ್ಷರ ಮಸುಕಾಗುತ್ತದೆ.

ಒಂಟಿ ಬೆಡ್‌ಶೀಟಿನ ಮೂಲಕ ಬೆಳಕು ಆಚೆ ಹೋಗುತ್ತದೆ. ಎರಡು ಪದರ ಹೊಲಿಸಿ. ಗೋಡೆಗೆ ಬಳಿಯುವುದಾದರೆ ಬಿಳಿ ಡಿಸ್ಟೆಂಪರ್, ಆಯಿಲ್ ಪೇಂಟ್ ಬೇಡ, ನಡುವೆ ಹೊಳಪಿನ ಚುಕ್ಕೆ ಬರುತ್ತದೆ. ಬಯಲಲ್ಲಿ ಆಷಾಢದ ಗಾಳಿಗೆ ಬಟ್ಟೆ ಹಾಯಿಯಾಗುತ್ತದೆ: ಬಿದಿರಿನ ಚೌಕಟ್ಟಿಗೆ ಅಡಿಗೊಂದು ಕಟ್ಟು ಹಾಕಿ, ಕೆಳ ಅಂಚಿನಲ್ಲಿ ಪೈಪ್ ತೂರಿಸಿ. ಮಳೆ ಬಂದುಹೋದ ಸಂಜೆ ರೆಕ್ಕೆಹುಳು ಏಳುತ್ತವೆ. ಪರದೆಯಿಂದ ದೂರ, ಜನರ ಬೆನ್ನ ಹಿಂದೆ ಒಂದು ಬಲ್ಬ್ ಉರಿಸಿಟ್ಟರೆ ಅರ್ಧಕ್ಕರ್ಧ ಅತ್ತ ಹೋಗುತ್ತವೆ.

ಸಂಗೀತ ಕಿವಿ ಒಡೆಯುತ್ತೆ, ಮಾತೇ ಕೇಳಲ್ಲ. ಯಾಕೆ?

ಇದೇ ಅತಿ ಹೆಚ್ಚು ಬರುವ ದೂರು, ಭಾವ ತುಂಬಿದ ಸಿನಿಮಾಗೆ ಇದೇ ದೊಡ್ಡ ಶತ್ರು. ಅಂಥ ಚಿತ್ರಗಳಲ್ಲಿ ಮುಖ್ಯವಾದ ಮಾತುಗಳನ್ನು ಮೆಲ್ಲಗೇ ಆಡುತ್ತಾರೆ.

ಹತ್ತರಲ್ಲಿ ಆರು ಸಲ ತಪ್ಪು ಪಿನ್ನಿನದು. ಮೈಕ್‌ಸೆಟ್‌ನವರು ಲ್ಯಾಪ್‌ಟಾಪಿನ ಸ್ಟೀರಿಯೊ ವೈರನ್ನು ಮಿಕ್ಸರ್‌ನ ಒಂದೇ ತೂತಿಗೆ ಚುಚ್ಚುತ್ತಾರೆ. ಅದು ಬ್ಯಾಲೆನ್ಸ್ಡ್ ತೂತಾದರೆ (ಎರಡು ವೈರಿನ ದನಿಯ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುವಂಥದ್ದು) ಎಡ ಬಲ ಎರಡರಲ್ಲೂ ಸಮನಾಗಿರುವ ದನಿ ಒಂದನ್ನೊಂದು ಕಳೆದುಹಾಕುತ್ತದೆ. ಮಾತು ಯಾವಾಗಲೂ ನಡುವಿನಲ್ಲಿರುವುದರಿಂದ ಮೊದಲು ಮಾಯವಾಗುವುದು ಅದೇ. ಪಕ್ಕದ ಸಂಗೀತವಷ್ಟೇ ಉಳಿಯುತ್ತದೆ. ಒಂದು ಕಡೆ ಚಿಕ್ಕ 3.5 ಎಂಎಂ ಪಿನ್, ಇನ್ನೊಂದು ಕಡೆ ಎರಡು ದಪ್ಪ ಮೋನೊ ಪಿನ್ ಇರುವ ವೈರ್ ಕೊಂಡು ಇಟ್ಟುಕೊಳ್ಳಿ. ಎಡಬಲಗಳನ್ನು ಎರಡು ಬೇರೆ ಚಾನಲ್‌ಗೆ ಹಾಕಿ. ಎರಡನೇ ಕಾರಣ 5.1 ದನಿಯ ಫೈಲು, ಅಂದರೆ ಆರು ಸ್ಪೀಕರಿಗೆಂದು ದನಿ ಹಂಚಿಟ್ಟದ್ದು: ವಿಎಲ್‌ಸಿಯಲ್ಲಿ ಆಡಿಯೊ ಮೆನುವಿನಲ್ಲಿ ಸ್ಟೀರಿಯೊ ಆರಿಸಿ, ಎಫೆಕ್ಟ್ಸ್‌ನಲ್ಲಿ ಕಂಪ್ರೆಸರ್ ಹಾಕಿದರೆ ಪಿಸುಮಾತು ಮೇಲೇಳುತ್ತದೆ. ಮೂರನೆಯದು ಜನ ಕೂರುವ ಹಾಲ್: ಸಿಮೆಂಟು ಗೋಡೆ, ತಗಡಿನ ಮಾಡು ಇದ್ದರೆ ಮಾತು ಗುಂಯ್‌ಗುಡುತ್ತದೆ. ನೆಲಕ್ಕೆ ಜಮಖಾನ, ಹಿಂದಿನ ಗೋಡೆಗೆ ಶಾಮಿಯಾನದ ಬಟ್ಟೆ. ಸ್ಪೀಕರ್ 6 ಅಡಿ ಸ್ಟ್ಯಾಂಡಿನ ಮೇಲೆ ಪರದೆಯ ಅಕ್ಕಪಕ್ಕ. ದೇವಸ್ಥಾನದ ಹಾರ್ನ್ ಬೇಡವೇ ಬೇಡ, ಬಾಸ್ ಸ್ಪೀಕರ್‌ಗಳ ರಾಶಿಯೂ ಬೇಡ.

ಗುಂಯ್ ಎಂಬ ಹಮ್ ಬಂದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ನಿಂತರೆ, ಚಾರ್ಜರನ್ನೂ ಆಂಪ್ಲಿಫೈಯರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ.

ಕರೆಂಟ್ ಹೋದ್ರೆ?

ಹೋಗೇ ಹೋಗುತ್ತದೆ ಎಂದುಕೊಂಡೇ ಹೊರಡಿ. ಲೈನ್‌ಮನ್ ಹತ್ತಿರ ಒಂದು ದಿನ ಮುಂಚೆ ಮಾತಾಡಿ. ಲ್ಯಾಂಪ್ ಇರುವ ಪ್ರೊಜೆಕ್ಟರ್‌ಗೆ ಯುಪಿಎಸ್ ಇಡುವುದು ಸಿನಿಮಾ ಓಡಿಸಲಿಕ್ಕಲ್ಲ, ಫ್ಯಾನ್ ಓಡಲಿಕ್ಕೆ: ಬಿಸಿ ಲ್ಯಾಂಪು ಫ್ಯಾನಿಲ್ಲದೆ ನಿಂತರೆ ಆಯುಸ್ಸು ಕಡಿಮೆಯಾಗುತ್ತದೆ. ಎಲ್‌ಇಡಿ ಪ್ರೊಜೆಕ್ಟರ್‌ಗೆ ಆ ಭಯ ಕಡಿಮೆ. ಜನರೇಟರ್ ತಂದರೆ ಕಟ್ಟಡದ ಆಚೆ ಬದಿಗೆ, 60 ಅಡಿ ದೂರ. ನಿಂತುಹೋದ ನಿಮಿಷ ಸೆಕೆಂಡು ಬರೆದಿಟ್ಟುಕೊಳ್ಳಲು ಒಬ್ಬರಿರಲಿ.

ಯಾವ ದಿನ, ಎಷ್ಟು ಹೊತ್ತಿಗೆ?

ಮಕ್ಕಳಷ್ಟೇ ಬೇಕಾದರೆ ಯಾವಾಗ ಬೇಕಾದರೂ ಆದೀತು. ದೊಡ್ಡವರು ಬೇಕೆಂದರೆ ಊರಿನ ಗಡಿಯಾರ ನೋಡಬೇಕು. ಹಾಲು ಕರೆದು ಡೇರಿಗೆ ಹಾಕಿ ಬರುವವರೆಗೆ ಕೋಲಾರ ಚಿಕ್ಕಬಳ್ಳಾಪುರದ ಹಳ್ಳಿಯಲ್ಲಿ ಅಮ್ಮಂದಿರು ಕೂರುವುದಿಲ್ಲ. ಏಳು ಕಾಲಿಗೆ ಮುಂಚೆ ಶುರು ಮಾಡಬೇಡಿ, ಬಯಲಲ್ಲಾದರೆ ಕತ್ತಲಾಗುವುದೂ ಅಷ್ಟು ಹೊತ್ತಿಗೇ. ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆಯ ಮನೆಗಳಲ್ಲಿ ಹುಳು ನಾಲ್ಕನೇ ಜ್ವರ (ಸೊಪ್ಪು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಮೇಲೆ ಸೊಪ್ಪು ಹಾಕುವುದರಲ್ಲೇ ದಿನ ಮುಗಿಯುತ್ತದೆ, ಹುಳು ಹಣ್ಣಾದ ದಿನವಂತೂ ಮಕ್ಕಳೂ ಗೂಡು ಕಟ್ಟುವ ಚಂದ್ರಿಕೆಗೆ ಹುಳು ಬಿಡಲು ಕೂತಿರುತ್ತಾರೆ. ಹುಳು ಜ್ವರಕ್ಕೆ ಕೂತ ದಿನ ಮನೆಗೆ ಬಿಡುವು. ನಾಲ್ಕು ಮನೆ ಕೇಳಿ ದಿನ ಇಡಿ. ಮಾವಿನ ಕೊಯ್ಲಿನಲ್ಲಿ ಶ್ರೀನಿವಾಸಪುರ, ರಾಗಿ ಕಟಾವಿನಲ್ಲಿ ಎಲ್ಲ ಊರೂ ಇದೇ ಪಾಡು. ಪರೀಕ್ಷೆಗಿಂತ ಇವುಗಳನ್ನೇ ಮೊದಲು ಕೇಳಿ.

ಮಕ್ಕಳು ಮುಂದೆ, ದೊಡ್ಡವರು ಹಿಂದೆ ಕೂರಿಸೋದಾ?

ಎಲ್ಲರೂ ಹಾಗೇ ಮಾಡುತ್ತಾರೆ, ಬೇಡ. ದೊಡ್ಡವರು ಹಿಂದೆ ಕುರ್ಚಿ ಹಾಕಿ ಕೂತರೆ ಎರಡು ನಿಮಿಷಕ್ಕೆ ಮೊಬೈಲು, ಐದು ನಿಮಿಷಕ್ಕೆ ಟೊಮ್ಯಾಟೊ ರೇಟು. ಮನೆಮಂದಿ ಒಟ್ಟಿಗೆ ನೆಲದ ಮೇಲೆ ಕೂರಲಿ, ಮಗು ಪಕ್ಕದಲ್ಲೋ ಮಡಿಲಲ್ಲೋ. ಮಂಡಿ ನೋವಿನವರಿಗೆ, ಬಸುರಿಯರಿಗೆ ಎರಡೂ ಬದಿಯ ಗೋಡೆಗೆ ಕುರ್ಚಿ ಹಾಕಿ. ಆಗ ಯಾರಿಗೂ ಅಡ್ಡವಾಗದು. ಯಾರೂ ಇಲ್ಲದೆ ಬಂದ ಮಕ್ಕಳನ್ನು, ಹಾಸ್ಟೆಲಿನ ಮಕ್ಕಳನ್ನು ಒಂದೇ ಗುಂಪು ಮಾಡದೆ ಮನೆಗಳ ನಡುವೆ ಸೇರಿಸಿ.

ತಿನ್ನಲು ಪುರಿ ಕೊಡಿ, ಪೇಪರ್ ಪೊಟ್ಟಣದಲ್ಲಿ. ಪ್ಲಾಸ್ಟಿಕ್ ಪ್ಯಾಕೆಟ್ಟಿನ ಪರಪರ ಸದ್ದಿಗೆ ಎಂಥ ದೃಶ್ಯವೂ ಸಾಯುತ್ತದೆ. ಕಡಲೆಕಾಯಿ ಸಿನಿಮಾ ಮುಗಿದ ಮೇಲೆ.

ಪರ್ಮಿಷನ್, ಕಾಪಿರೈಟ್ ಏನಾದ್ರೂ ತೊಂದರೆ ಇದೆಯಾ?

1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಶಾಲೆಗಳಿಗೆ ಒಂದು ವಿನಾಯ್ತಿ ಕೊಟ್ಟಿದೆ: ಶಾಲೆಯ ಚಟುವಟಿಕೆಯ ಭಾಗವಾಗಿ, ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು ಮತ್ತು ಶಾಲೆಯ ಚಟುವಟಿಕೆಗೆ ಸಂಬಂಧಪಟ್ಟವರು ಮಾತ್ರ ಇರುವ ಕಡೆ ಸಿನಿಮಾ ತೋರಿಸುವುದು ಉಲ್ಲಂಘನೆಯಲ್ಲ. ಹಾಗಾಗಿ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಸಮಿತಿ) ನಿರ್ಣಯ ಬರೆಸಿ ಶಾಲೆಯ ಹೆಸರಿನಲ್ಲೇ ಮಾಡುವುದು ಜಾಣತನ. ಊರಿಗೆಲ್ಲ ಬಾಗಿಲು ತೆರೆದರೆ, ಜಾತ್ರೆಯಲ್ಲಿ ತೋರಿಸಿದರೆ, ಟಿಕೆಟ್ ಇಟ್ಟರೆ ಹಕ್ಕುದಾರರ ಅನುಮತಿ ಬೇಕು. ಮನೆಗೆಂದು ತೆಗೆದುಕೊಂಡ ಒಟಿಟಿ ಚಂದಾ ಸಾರ್ವಜನಿಕ ಪ್ರದರ್ಶನಕ್ಕೆ ಆಗುವುದಿಲ್ಲ. 1955ರಲ್ಲಿ ಶುರುವಾದ ಮಕ್ಕಳ ಚಲನಚಿತ್ರ ಸಂಸ್ಥೆ 2022ರಲ್ಲಿ ಎನ್‌ಎಫ್‌ಡಿಸಿಯೊಳಗೆ (ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ) ವಿಲೀನವಾಯಿತು. ಆ ಸಂಸ್ಥೆ ತೆಗೆದ ಚಿತ್ರಗಳಿಗೆ ಬರೆಯಬೇಕಾದ್ದು ಈಗ ಎನ್‌ಎಫ್‌ಡಿಸಿಗೆ. ಬಯಲಲ್ಲಿ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ ಹತ್ತಕ್ಕೆ ನಿಲ್ಲಿಸಲೇಬೇಕು.

ಮೊಬೈಲಲ್ಲೇ ನೋಡ್ಕೋತಾರಲ್ಲ, ಇಷ್ಟೆಲ್ಲಾ ಯಾಕೆ?

ಮೊಬೈಲನ್ನು ಒಬ್ಬರೇ ನೋಡುತ್ತಾರೆ. ಬೇಸರವಾದ ಕೂಡಲೇ ಬೆರಳು ಜಾರಿಸುತ್ತಾರೆ. ಮೆಲ್ಲಗೆ ನಡೆಯುವ ಸಿನಿಮಾಗೆ ಹತ್ತು ನಿಮಿಷ ಕಾಯುವ ಅವಕಾಶವೇ ಅಲ್ಲಿ ಸಿಗುವುದಿಲ್ಲ.

ಸಿನಿಮಾ ಮುಗಿದ ಮೇಲೆ ಮಕ್ಕಳ ಹತ್ರ ಏನು ಮಾತಾಡಿಸೋದು?

'ಈ ಚಿತ್ರದ ನೀತಿ ಏನು?' ಎಂದು ಕೇಳಬೇಡಿ. ಕೇಳಿದ ಕ್ಷಣ ಮಕ್ಕಳು ಕೈಕಟ್ಟಿ ನಿಂತು, ಸುಳ್ಳು ಹೇಳಬಾರದು ಸರ್, ಹಿರಿಯರಿಗೆ ಗೌರವ ಕೊಡಬೇಕು ಮಿಸ್ ಎಂದು ಒಪ್ಪಿಸುತ್ತಾರೆ. ಅಲಿ ಅಪ್ಪನಿಗೆ ಹೇಳದೆ ಮುಚ್ಚಿಟ್ಟದ್ದು ಸುಳ್ಳೇ, ಆದರೂ ನಮಗೆ ಅವನು ಯಾಕೆ ಇಷ್ಟವಾದ ಎಂಬ ಮಾತು ಆಮೇಲೆ ಏಳುವುದೇ ಇಲ್ಲ. ಮರುದಿನ ವರದಿ ಬರೆಸುವುದೂ ಅಷ್ಟೇ ಕೆಡುಕು. ಮುಂದಿನ ಸಲ ಪೆನ್ನು ಹಿಡಿದುಕೊಂಡೇ ಬರುತ್ತಾರೆ.

ಲೈಟ್ ಹಾಕಿದ ಕೂಡಲೇ ಮೈಕ್ ಹಿಡಿಯದೆ ಎರಡು ನಿಮಿಷ ಸುಮ್ಮನಿರಿ. ಆಮೇಲೆ ಉತ್ತರ ಒಂದೇ ಆಗಲಾರದ ಪ್ರಶ್ನೆ ಹಾಕಿ. ಯಾವ ಜಾಗದಲ್ಲಿ ಎದ್ದು ಹೋಗಿ ಅವನಿಗೆ ಏನಾದರೂ ಹೇಳಬೇಕು ಅನ್ನಿಸಿತು? ಅವನ ಅಮ್ಮನಿಗೆ ಗೊತ್ತಿತ್ತಾ? ನೀನಾಗಿದ್ದರೆ ಶೂ ವಿಷಯ ಮನೆಯಲ್ಲಿ ಹೇಳುತ್ತಿದ್ದೆಯಾ? ಮೂರು ಪ್ರಶ್ನೆ ಮೀರಬಾರದು. ಮಕ್ಕಳು ಮಾತಾಡಿದ ಮೇಲೆ ದೊಡ್ಡವರನ್ನು ಕೇಳಿ, ಮೊದಲಲ್ಲ. ಅಪ್ಪ ಮಾತಾಡಿಬಿಟ್ಟರೆ ಮಗುವಿಗೆ ಹೇಳಲು ಏನೂ ಉಳಿಯುವುದಿಲ್ಲ. ದೊಡ್ಡವರಿಗೆ ಪ್ರಶ್ನೆ ಬೇರೆ: ನಿಮ್ಮ ಕಾಲದಲ್ಲಿ ಶಾಲೆಗೆ ಏನು ಹಾಕಿಕೊಂಡು ಹೋಗುತ್ತಿದ್ದಿರಿ? ಇಷ್ಟು ಕೇಳಿದರೆ ಬರಿಗಾಲು, ಮುಳ್ಳು, ಅಣ್ಣನ ಹಳೇ ಚಡ್ಡಿ ಎಲ್ಲ ಹೊರಬರುತ್ತವೆ. ಹೆಚ್ಚಿನ ಮಕ್ಕಳು ಅದನ್ನು ಮೊದಲ ಸಲ ಕೇಳುತ್ತಿರುತ್ತಾರೆ.

ಒಬ್ಬರೂ ಬಾಯಿ ಬಿಡದಿದ್ದರೆ ಒತ್ತಾಯ ಬೇಡ. ಕಡಲೆಕಾಯಿ ಹಂಚಿ, ಜಮಖಾನ ಮಡಿಸಲು ದೊಡ್ಡ ಮಕ್ಕಳನ್ನು ಕರೆಯಿರಿ. ಪ್ರೊಜೆಕ್ಟರ್ ಫ್ಯಾನ್ ತಾನಾಗಿ ನಿಲ್ಲುವವರೆಗೆ ವೈರ್ ಕೀಳಬೇಡಿ, ಅಷ್ಟು ಹೊತ್ತಿನಲ್ಲಿ, ಮಡಿಸುವ ಕೆಲಸದ ನಡುವೆ, ಯಾವುದಾದರೂ ಹುಡುಗಿ ಬಂದು "ಆ ಬಲೂನು ಎಲ್ಲಿಗೆ ಹೋಯ್ತು ಮಿಸ್?" ಎಂದು ಕೇಳುವುದುಂಟು.